ಅಪ್ಪನ ಶರ್ಟಿನ ಹೊಗೆ

ಬೇಸಿಗೆ ಶುರುವಿನಲ್ಲಿ ರಾಗಿಗುಡ್ಡದ ಕಡೆ ಯಾರಾದರೂ ಒಣಹುಲ್ಲಿಗೆ ಬೆಂಕಿಯಿಟ್ಟರೆ, ಈಗ ನಾನಿರುವ ವಿದ್ಯಾನಗರದಲ್ಲಿ ಒಣಹಾಕಿದ ಬಟ್ಟೆಗೆಲ್ಲ ಅದರ ವಾಸನೆ ಹತ್ತುತ್ತದೆ. ಒಂದೊಂದನ್ನೇ ಮೂಸುತ್ತ ನಿಂತುಬಿಡುತ್ತೇನೆ. ಈ ಅಭ್ಯಾಸ ಅಮ್ಮನದು.

ಅಪ್ಪ ಕುದುರೆಮುಖದ ನ್ಯಾಷನಲ್ ಪಾರ್ಕಿನಲ್ಲಿ ಫಾರೆಸ್ಟ್ ಗಾರ್ಡ್. ನನ್ನ ಕಾನ್ವೆಂಟಿಗೋಸ್ಕರ ಅಮ್ಮ ಮತ್ತು ನಾನು ಭದ್ರಾವತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಕಾಡಿಗೆ ಬೆಂಕಿ ಬೀಳುವ ಕಾಲವೆಂದು ಬೇಸಿಗೆಯಲ್ಲಿ ಅಪ್ಪನಿಗೆ ರಜೆಯಿರಲಿಲ್ಲ. ವಾರಕ್ಕೊಮ್ಮೆ ಕಳಸದ ಬಸ್ಸಿನಲ್ಲಿ ಒಗೆಯುವ ಬಟ್ಟೆಯ ಚೀಲವಷ್ಟೇ ಬರುತ್ತಿತ್ತು. ಖಾಕಿ ಶರ್ಟಿನ ಜೇಬಿನಲ್ಲಿ ನನಗೆಂದು ಒಣಗಿದ ಕುರಿಂಜಿ ಹೂವೋ, ಸಿಂಗಳೀಕ ಅರ್ಧ ಕಚ್ಚಿ ಎಸೆದ ಕಾಯಿಯೋ ಇರುತ್ತಿತ್ತು. ಅಮ್ಮ ಮಾತ್ರ ಮೊದಲು ಶರ್ಟನ್ನು ಮೂಸುತ್ತಿದ್ದಳು. ಬೆಂಕಿ ಹಬ್ಬದಿರಲೆಂದು ಗಾರ್ಡುಗಳೇ ಗುಡ್ಡದ ಹುಲ್ಲನ್ನು ಮುಂಚೆಯೇ ಪಟ್ಟಿಪಟ್ಟಿಯಾಗಿ ಸುಡುತ್ತಾರಲ್ಲ, ಆ ಹೊಗೆ ತೆಳು. ಕಣಿವೆಯ ದಟ್ಟ ಹಸಿರು ಶೋಲಾ ಕಾಡಿಗೇ ಬೆಂಕಿ ತಗುಲಿದ್ದರೆ ಹಸಿಮರ, ಪಾಚಿ ಬೆಂದ ಕಹಿ ವಾಸನೆ. ಅಂಥ ವಾರ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅಮ್ಮ ಅಂಗಡಿಗೆ ಹೋದ ಹೊತ್ತಿನಲ್ಲಿ ಚೀಲ ಬಂತು. ಮೂಸಿದೆ, ಕಹಿ. ಬಲತೋಳಿನ ಅಂಚು ಸುಟ್ಟು ಮುರುಟಿತ್ತು. ಅಮ್ಮನ ಮುಖ ನೋಡಲಾರೆನೆಂದು ಎರಡೆರಡು ಸಲ ಸೋಪು ಹಚ್ಚಿ ಉಜ್ಜಿದೆ, ತೋಳು ಮಡಚಿ ಹರವಿದೆ.

ಅಮ್ಮ ಬಂದವಳೇ ಒದ್ದೆ ಶರ್ಟಿಗೆ ಮೂಗು ಹಚ್ಚಿದಳು. “ಯಾಕೆ ಒಗೆದೆ ಮಾರಾಯ್ತಿ? ನಂಗೆ ಬರೋದು ಅದೊಂದೇ ಕಾಗದ.”

“ಬರೀ ಹುಲ್ಲಿನ ಹೊಗೆ ಅಮ್ಮ,” ಅಂದೆ.

ಅವಳು ಮಡಚಿದ ತೋಳನ್ನು ಬಿಚ್ಚಿ ನೋಡಿ ಮತ್ತೆ ಮಡಚಿಟ್ಟಳು. ಮಾರನೇ ದಿನ ತಡೆಯಲಾರದೆ ನಿಜ ಹೇಳಿದೆ.

“ಗೊತ್ತು. ಎಷ್ಟು ಕಹಿ ಇತ್ತು ಪುಟ್ಟಿ?”

ನಾನು ಶರ್ಟನ್ನು ಮತ್ತೆ ಮೂಸಿದೆ, ಬರೀ ಸೋಪಿನ ವಾಸನೆ. ಮೂರು ದಿನ ಅವಳು ಪ್ರತಿ ಬಸ್ಸಿನ ಹಾರನ್ನಿಗೂ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಭಾನುವಾರ ಅಪ್ಪನೇ ಬಂದರು. ಕೈಗೆ ಬ್ಯಾಂಡೇಜು, ಮುಖ ಏನೋ ಬೇರೆಯಾಗಿ ಕಾಣುತ್ತಿತ್ತು.

ಅಮ್ಮ ಹತ್ತಿರ ಬಂದು ಮುಖ ನೋಡಿದಳು. “ಹುಬ್ಬು ಎಲ್ಲಿ ಬಿಟ್ಟು ಬಂದ್ರಿ?”

“ಅಲ್ಲೇ ಗುಡ್ಡದ ಮೇಲೆ. ಎರಡು ಮಳೆ ಬೀಳಲಿ, ಚಿಗುರ್ತಾವೆ.”

ಅಮ್ಮ ನಕ್ಕಳು. ನಗುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು.

ಹುಬ್ಬು ಚಿಗುರಿತು, ಎಡಗಡೆಯದು ಮಾತ್ರ ಕೊನೆಯವರೆಗೂ ವಿರಳವಾಗಿಯೇ ಉಳಿಯಿತು. ವರ್ಷಗಳ ನಂತರ, ಅಪ್ಪನನ್ನು ಕೊನೆಯ ಸಲ ಹಜಾರದಲ್ಲಿ ಮಲಗಿಸಿದ ದಿನ, ಬಂದವರಾರ ಮಾತೂ ಕೇಳಿಸಿಕೊಳ್ಳದೆ ಅಮ್ಮ ಆ ಹುಬ್ಬನ್ನೇ ಬೆರಳಿನಿಂದ ತೀಡುತ್ತ ಕೂತಿದ್ದಳು.