ಹೋದ ವರ್ಷದ ಮೆಣಸು

ಮೆಣಸು ಹುರಿಯುವಾಗ ವಸಂತಿ ದೊಡ್ಡಮ್ಮ ಬಲಗಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾಸಿಕದ ನಮ್ಮ ಹೋಟೆಲಿನ ಹಿಂಭಾಗದಲ್ಲಿ, ದೊಡ್ಡ ಬಾಣಲೆಯ ಎದುರು, ಮೂಗಿಗೆ ಸೆರಗು ಕಟ್ಟಿ, ಎಡಗಣ್ಣೊಂದನ್ನೇ ತೆರೆದು ನಿಂತ ಅವರನ್ನು ಕಂಡರೆ ಯಾರಿಗೋ ಗುರಿಯಿಟ್ಟ ಹಾಗೆ ಇರುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ, "ಘಾಟಿಗೆ ಎರಡೂ ಕಣ್ಣು ಯಾಕೆ ಕೊಡುವುದು? ಒಂದಾದರೂ ಮುಂದಕ್ಕೆ ಬೇಕಲ್ವಾ" ಎನ್ನುತ್ತಿದ್ದರು.

ಅವರು ನನ್ನ ದೊಡ್ಡಪ್ಪನ ಹೆಂಡತಿ, ಉಡುಪಿ ಕಡೆಯವರು. ದೊಡ್ಡಪ್ಪ ಬೇಗ ತೀರಿಕೊಂಡರು. ಕ್ರಿಯೆಗಳೆಲ್ಲ ಮುಗಿದ ಮಾರನೆಯ ದಿನವೇ ದೊಡ್ಡಮ್ಮ ಬಾಣಲೆಯ ಮುಂದೆ ನಿಂತರಂತೆ. ಅವರು ಅತ್ತದ್ದನ್ನು ಯಾರೂ ಕಂಡಿಲ್ಲ. ಗಲ್ಲಾ ನನ್ನ ಅಪ್ಪನದು, ಸಾಂಬಾರುಪುಡಿ ಅವರದು. ಅದಕ್ಕೆ ತಕ್ಕಡಿ ಇರಲಿಲ್ಲ. ಹುರಿದ ಬ್ಯಾಡಗಿಯ ಬಣ್ಣ ನೋಡಿ ಇನ್ನಷ್ಟು ಸೇರಿಸುವುದೋ ಸಾಕೋ ಎಂದು ತೀರ್ಮಾನಿಸುತ್ತಿದ್ದರು. ನನ್ನ ವಿಷಯದಲ್ಲೂ ಅವರದು ಹಾಗೆಯೇ ನೋಡಿ ತಿಳಿಯುವ ಕ್ರಮ. ಮದುವೆಯ ಮಾತು ತೆಗೆದು ಮನೆಯವರೆಲ್ಲ ನನ್ನ ಬಾಯಿ ಬಿಡಿಸಲು ಹೊರಟರೆ, "ಅವಳಿಗೆ ಹೇಳಲಿಕ್ಕೆ ಇದ್ದರೆ ಹೇಳ್ತಾಳೆ. ಮುಚ್ಚಳ ತೆಗೆದು ತೆಗೆದು ನೋಡಿದರೆ ಅನ್ನ ಬೇಯುವುದಿಲ್ಲ" ಎಂದು ನನ್ನನ್ನು ಬಿಡಿಸುತ್ತಿದ್ದರು.

ಎರಡು ವರ್ಷಗಳ ಹಿಂದೆ ಅವರು ಮೆಣಸಿನ ಶೇಟ್‌ಜಿಯ ಮೇಲೆ ತಿರುಗಿಬಿದ್ದರು. ಶೇಟ್‌ಜಿ ನನ್ನ ದೊಡ್ಡಪ್ಪನ ಕಾಲದಿಂದ ನಮಗೆ ಮೆಣಸು ಕೊಡುತ್ತಿದ್ದವರು. "ಇದಕ್ಕೆ ಬಣ್ಣವೇ ಇಲ್ಲ. ಮೆಣಸು ತಂದದ್ದಾ, ಹುಲ್ಲು ತಂದದ್ದಾ?" ಎಂದು ದೊಡ್ಡಮ್ಮ ಚೀಲವನ್ನೇ ವಾಪಸು ಕಳಿಸಿದರು. ಅವರ ಮಾತಿನ ಮೇಲೆ ಅಪ್ಪ ಅಂಗಡಿ ಬದಲಿಸಿದರು. ಹೊಸ ಅಂಗಡಿಯ ಮೆಣಸೂ ಅವರಿಗೆ ಮಂಕಾಗಿಯೇ ಕಂಡಿತು. ಬಣ್ಣ ಬರಲೆಂದು ಹಿಡಿಗೆ ಎರಡು ಹಿಡಿ ಹಾಕಿದರು. ದಿನಾ ಇಡ್ಲಿ ತಿನ್ನಲು ಬರುವ ಕಾಕಾ ಒಬ್ಬರು ಮೂಗು ಒರೆಸಿಕೊಳ್ಳುತ್ತಾ, "ಶೇಟ್, ಹೇ ಸಾಂಬಾರ್ ಆಹೇ ಕೀ ಮಿಸಳೀಚಾ ರಸ್ಸಾ?" ಎಂದು ಅಪ್ಪನನ್ನು ಕೇಳಿದರು. ಇದು ಸಾಂಬಾರೋ, ಮಿಸಳ್‌ನ ರಸವೋ ಎಂದು. ಆದರೆ ಕೇಳಿದವರೇ ಇನ್ನೊಂದು ಬಟ್ಟಲು ತರಿಸಿಕೊಂಡರು. ಮೊಳಕೆಕಾಳಿನ ಖಾರದ ಮಿಸಳ್ ತಿಂದು ಬೆಳೆದ ಊರು. ಖಾರ ಹೆಚ್ಚಾದರೆ ಇಲ್ಲಿ ಯಾರೂ ದೂರು ಕೊಡುವುದಿಲ್ಲ. ಹಾಗಾಗಿ ಏನೋ ತಪ್ಪಿದೆ ಎಂಬುದು ನಮಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಅವರು, "ಈ ಎಡಗಣ್ಣಿನೊಳಗೆ ಹೊಗೆ ಕೂತಿದೆ ಮಾರಾಯ್ತಿ, ಹೋಗುವುದೇ ಇಲ್ಲ. ಆಚೆ ಈಚೆ ನೋಡಿದರೆ ನೋವು ಬೇರೆ" ಎಂದರು. ನಾಸಿಕದ ಕಣ್ಣಿನ ಡಾಕ್ಟರರು ಹನಿ ಹಾಕಿ, ದೀಪ ಹಿಡಿದು, ಒಳಗೆ ಬಹಳ ಹೊತ್ತು ನೋಡಿದರು. ಕಣ್ಣಿನಿಂದ ಮೆದುಳಿಗೆ ಹೋಗುವ ನರ ಬಾತಿದೆ, ಯಾಕೆಂದು ತಾನು ಹೇಳಲಾರೆ, ತಡಮಾಡದೆ ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ದೃಷ್ಟಿ ಹೋಗಲೂಬಹುದು ಎಂದರು. ನಾನು ಎಂ.ಎಸ್ಸಿ. ಓದಿದ್ದು ಅಲ್ಲಿ. ಊರು ಗೊತ್ತಿರುವವಳೆಂದು ನನ್ನನ್ನೇ ಜೊತೆಗೆ ಕಳಿಸಿದರು.

ದೊಡ್ಡಮ್ಮನಿಗೆ ವ್ಯಾಪಾರದ ಮರಾಠಿ ಚೆನ್ನಾಗಿ ಬರುತ್ತಿತ್ತು, ಕಾಯಿಲೆಯ ಮರಾಠಿ ಬರುತ್ತಿರಲಿಲ್ಲ. ಅಲ್ಲಿಯ ಡಾಕ್ಟರರ ಪ್ರಶ್ನೆಗಳನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಬಿ.ಪಿ. ಇದೆಯೆ, ಸಕ್ಕರೆ ಇದೆಯೆ, ಟಿ.ಬಿ. ಬಂದಿತ್ತೆ, ಜ್ವರ ಬಂದಿತ್ತೆ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಾರೆಯೆ? ಎಲ್ಲಕ್ಕೂ ಅವರು ಇಲ್ಲವೆಂದೇ ಹೇಳಬೇಕಾಗಿ ಬಂದು, ಕೊನೆಗೆ ಸಂಕೋಚದಿಂದ, "ಒಂದಾದರೂ ಉಂಟು ಅಂತ ಹೇಳು. ಪಾಪ, ಅವರಿಗೂ ಬೇಸರ ಆಗ್ತದೆ" ಎಂದರು.

ಆಮೇಲೆ ಡಾಕ್ಟರರು ಔಷಧಿ ಬಾಟಲಿಯ ಕೆಂಪು ಮುಚ್ಚಳವೊಂದನ್ನು ಎತ್ತಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದರು. ಎರಡೂ ಕಣ್ಣಿಗೆ ಒಂದೇ ಬಣ್ಣವೆ?

ದೊಡ್ಡಮ್ಮ ಬಲಗಣ್ಣಿನಿಂದ ನೋಡಿದರು. ಎಡಗಣ್ಣಿನಿಂದ ನೋಡಿದರು. ಮತ್ತೊಮ್ಮೆ ಬಲಗಣ್ಣಿನಿಂದ. "ಬಲದ್ದಕ್ಕೆ ಹೊಸ ಮೆಣಸು," ಎಂದರು. "ಎಡದ್ದಕ್ಕೆ ಹೋದ ವರ್ಷದ ಮೆಣಸು."

ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಡಾಕ್ಟರರು ನಕ್ಕು, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ ಎಂದರು. ನರ ಬಾತಾಗ ಮೊದಲು ಮಂಕಾಗುವುದು ಕೆಂಪು ಬಣ್ಣವೇ ಅಂತೆ. ದೊಡ್ಡಮ್ಮ ನಗಲಿಲ್ಲ. ಮುಚ್ಚಳವನ್ನೇ ನೋಡುತ್ತಾ, "ಹಾಗಾದರೆ ಶೇಟ್‌ಜಿಯ ಮೆಣಸು ಸರಿ ಇತ್ತು" ಎಂದರು.

ಎಂ.ಆರ್.ಐ. ಆಯಿತು. ಬೆನ್ನಿನಿಂದ ನೀರು ತೆಗೆದದ್ದಾಯಿತು. ರಕ್ತವನ್ನು ಎಷ್ಟು ಬಗೆಯಲ್ಲಿ ನೋಡಬಹುದೋ ಅಷ್ಟೂ ಬಗೆಯಲ್ಲಿ ನೋಡಿದರು. ಪ್ರತಿ ವರದಿಯನ್ನೂ ನಾನು ಎರಡೆರಡು ಸಲ ಓದಿದೆ. ಎಲ್ಲವೂ ಸರಿಯಾಗಿದೆ ಎಂಬ ಮಾತು ನೆಮ್ಮದಿ ಕೊಡಬೇಕಿತ್ತು. ಪ್ರತಿ ಸಲವೂ ಕಾಲ ಕೆಳಗಿನ ಒಂದು ಮೆಟ್ಟಿಲು ತೆಗೆದಂತಾಗುತ್ತಿತ್ತು. ಸ್ಟೆರಾಯ್ಡ್ ಡ್ರಿಪ್ ಕೊಟ್ಟ ಮೇಲೆ ನೋವು ಹೋಯಿತು, ಹೊಗೆ ತೆಳುವಾಯಿತು. ಕೆಂಪು ಮಾತ್ರ ಮರಳಲಿಲ್ಲ. ಕೊನೆಗೆ ಡಾಕ್ಟರರು, "ಕಾಕೂ, ಕೆಲವರಲ್ಲಿ ಕಾರಣ ಸಿಗುವುದೇ ಇಲ್ಲ" ಎಂದು ಮರಾಠಿಯಲ್ಲಿ ಮೃದುವಾಗಿ ಹೇಳಿದರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ದೊಡ್ಡಮ್ಮನ ಸಿಟ್ಟು ಹೊರಬಂತು. "ಕಾರಣ ಇಲ್ಲದೆ ಒಗ್ಗರಣೆ ಸಹ ಸೀಯುವುದಿಲ್ಲ. ನಲವತ್ತು ವರ್ಷ ಘಾಟಿಗೆ ಕೊಟ್ಟದ್ದು ಎಡಗಣ್ಣು. ಹೋದದ್ದೂ ಅದೇ. ಮತ್ತೆಂತ ಕಾರಣ ಬೇಕು ಇವರಿಗೆ?"

"ಹೊಗೆ ಆ ನರದ ತನಕ ಹೋಗುವುದಿಲ್ಲವಂತೆ ದೊಡ್ಡಮ್ಮ. ನಾನು ಕೇಳಿದೆ."

ಬಸ್ಸು ದಾರಿ ಮಧ್ಯದ ವೈಜಾಪುರಕ್ಕೆ ಬಂತು. ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದರು. "ಬಾವು ಅಂದರೆ ನೀರು ತುಂಬುವುದಲ್ವಾ? ಅಳದೆ ಇಟ್ಟ ನೀರು ಎಲ್ಲಿಗೆ ಹೋಗ್ತದೆ?"

"ಹಾಗೆಲ್ಲ ಆಗುವುದಿಲ್ಲ ದೊಡ್ಡಮ್ಮ."

"ಹೇಗೆ ಆಗುವುದಿಲ್ಲ ಅಂತ ನಿನಗೆಲ್ಲ ಗೊತ್ತುಂಟು. ಹೇಗೆ ಆಗ್ತದೆ ಅಂತ ಹೇಳು ಮತ್ತೆ."

ಅಷ್ಟೊಂದು ಕಾಗದ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ನನಗೆ, ಅವರ ಎರಡು ಕಾರಣಗಳನ್ನು ಕಿತ್ತುಕೊಂಡು ಬದಲಿಗೆ ಏನೂ ಕೊಡಲಾಗಲಿಲ್ಲ. ಮಾರನೆಯ ದಿನ ಅವರು ಶೇಟ್‌ಜಿಯ ಅಂಗಡಿಗೆ ಹೋಗಿ, ತಪ್ಪು ಮೆಣಸಿನದ್ದಲ್ಲ, ಕಣ್ಣಿನದ್ದು ಎಂದು ಹೇಳಿ ಬಂದರು. ಶೇಟ್‌ಜಿ ಚಹಾ ತರಿಸಿ, "ವಹಿನಿ, ಕಣ್ಣು ಸರಿ ಇದ್ದಾಗಲೂ ನೀವು ಬೈಯುತ್ತಿದ್ದಿರಲ್ಲ" ಎಂದರಂತೆ.

ಬಲಗಣ್ಣಿನಿಂದ ನೋಡಿ ಹುರಿಯಬಹುದಲ್ಲ ಎಂದು ಅಪ್ಪ ಸೂಚಿಸಿದರು. ದೊಡ್ಡಮ್ಮ ಪ್ರಯತ್ನಿಸಿದರು. ಘಾಟು ಏಳುತ್ತಲೇ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದರೂ ನೀರು ತುಂಬಿ ಏನೂ ಕಾಣದಂತಾಗುತ್ತಿತ್ತು. "ಅದಕ್ಕೆ ನಾನೇ ಕಲಿಸಿದ್ದಲ್ವಾ, ಈಗ ನನ್ನ ಮಾತು ಕೇಳುವುದಿಲ್ಲ" ಎಂದು ಸೌಟು ಕೆಳಗಿಟ್ಟರು. ಪುಡಿಯ ಕೆಲಸ ಅಡುಗೆ ಭಟ್ಟರ ಪಾಲಾಗಬಹುದೆಂದು ಗೊತ್ತಾದ ದಿನ ನನ್ನನ್ನು ಕರೆದರು. "ನೀನು ನೋಡು. ನಾನು ಹುರಿಯುತ್ತೇನೆ."

ಆಮೇಲೆ ಭಾನುವಾರಗಳಂದು ನಾನು ಬಾಣಲೆಯ ಪಕ್ಕದಲ್ಲಿ ನಿಲ್ಲುತ್ತಿದ್ದೆ.

"ಆಯ್ತಾ?"

"ಕೆಂಪಾಗಿದೆ."

"ಕೆಂಪು ಅಂದರೆ? ಕುಂಕುಮದ್ದಾ, ಇಟ್ಟಿಗೆಯದ್ದಾ?"

"ಎರಡರ ನಡುವೆ."

"ಇಷ್ಟು ಓದಿ ನಡುವೆ ಅಂತ ಹೇಳ್ತಾಳೆ! ಸರಿ ನೋಡು ಮಾರಾಯ್ತಿ, ಊರಿಡೀ ತಿನ್ನಲಿಕ್ಕುಂಟು."

ಬರುಬರುತ್ತಾ ಅವರು ಎರಡೂ ಕಣ್ಣು ಮುಚ್ಚಿಯೇ ಸೌಟು ಆಡಿಸತೊಡಗಿದರು. ಕಳೆದ ದೀಪಾವಳಿಗೆ ಮುಂಚಿನ ಒಂದು ಭಾನುವಾರ ನಾನು ಸಾಕು ಎಂದದ್ದೇ, ಬೇರೇನೂ ಕೇಳದೆ ಬಾಣಲೆ ಇಳಿಸಿದರು. ಆ ಸಂತೋಷವನ್ನು ನಾನು ಯಾರಿಗೂ ಹೇಳಿಕೊಳ್ಳಲಿಲ್ಲ. ಅದೇ ವಾರ ಮಧ್ಯಾಹ್ನದ ನಿದ್ದೆಯಲ್ಲಿ ಅವರು ತೀರಿಕೊಂಡರು. ಹೃದಯ ನಿಂತಿತು ಎಂದು ಡಾಕ್ಟರರು ಬರೆದುಕೊಟ್ಟರು. ಇದಕ್ಕಾದರೂ ಕಾರಣ ಸಿಕ್ಕಿತು ಎಂದು ಅಪ್ಪ ಅದನ್ನು ಮಡಚಿ ಇಟ್ಟರು. ಹೃದಯ ಯಾಕೆ ನಿಂತಿತು ಎಂದು ಯಾರೂ ಕೇಳಲಿಲ್ಲ.

ಈಗ ಭಾನುವಾರ ನಾನೇ ಹುರಿಯುತ್ತೇನೆ. ಒಂದು ಕಣ್ಣು ಮುಚ್ಚಿ ನೋಡುತ್ತೇನೆ, ಇನ್ನೊಂದು ಮುಚ್ಚಿ ನೋಡುತ್ತೇನೆ. ಎರಡಕ್ಕೂ ಒಂದೇ ಕೆಂಪು. ಸಾಕು ಎಂದು ಗೊತ್ತಾದ ಮೇಲೂ ಕೈ ಬೆಂಕಿ ಆರಿಸುವುದಿಲ್ಲ, ಯಾರೋ "ಆಯ್ತಾ?" ಎನ್ನಲೆಂದು ಕಾಯುತ್ತದೆ. ಅಷ್ಟರಲ್ಲಿ ಮೆಣಸು ಸ್ವಲ್ಪ ಸೀದಿರುತ್ತದೆ.