ಸ್ಕೆಲ್ಬಿಯ ಗಾಡಿಯವಳು

ನಮ್ಮ ಸ್ಕೆಲ್ಬಿಯಲ್ಲಿ ಗಾಡಿ ಹೊಡೆಯುವ ಹೆಂಗಸೆಂದರೆ ಗುನ್ನಿಲ್ಡ ಒಬ್ಬಳೇ. ಮೊದಲು ಹೊಡೆಯುತ್ತಿದ್ದವನು ಅವಳ ಗಂಡ ಆಸ್ಕೆಟಿಲ್. ದೊರೆ ಕಡಲಾಚೆ ಯುದ್ಧಕ್ಕೆ ಹೋದ ವರ್ಷ ಅಮಲ್ದಾರ ರೇನರ್ ಬಂದು, ಕೋಟೆಗೆ ಕಲ್ಲು ಹೊರಬೇಕು ಎಂದು ಗಾಡಿ, ಎರಡು ಕುದುರೆ, ಗಂಡ ಮೂರನ್ನೂ ಹಿಡಿದುಕೊಂಡು ಹೋದ. ಹತ್ತು ದಿನ ಎಂದದ್ದು ಇಡೀ ಚಳಿಗಾಲವಾಯಿತು. ಒಂದು ಕುದುರೆ ಅಲ್ಲೇ ಸತ್ತಿತು. ಆಸ್ಕೆಟಿಲ್ ಕೆಮ್ಮುತ್ತ ಗಾಡಿ ಹೊಡೆದುಕೊಂಡು ಮನೆಗೆ ಬಂದು ಈಸ್ಟರ್ ಹಬ್ಬಕ್ಕೆ ಮುಂಚೆಯೇ ತೀರಿಕೊಂಡ. ಉಳಿದ ಒಂದು ಕುದುರೆ ಕಟ್ಟಿಕೊಂಡು ಗುನ್ನಿಲ್ಡ ಲಿಂಕನ್ ಪೇಟೆಗೆ ಉಣ್ಣೆ ಸಾಗಿಸತೊಡಗಿದಳು. ಮಾತು ಕಡಿಮೆ. ನಕ್ಕಿದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ.

ಆ ಬೇಸಿಗೆಯಲ್ಲಿ ದೊಡ್ಡ ಸರದಾರರು ದೊರೆಯ ಕೈಯಲ್ಲಿ, ಅವನ ಅಧಿಕಾರಕ್ಕೆ ಮಿತಿ ಹಾಕುವ ಒಂದು ಸನ್ನದಿಗೆ ಮುದ್ರೆ ಒತ್ತಿಸಿಕೊಂಡರು. ನಮ್ಮ ಪಾದ್ರಿ ಕುರಿಚರ್ಮದ ಮೇಲೆ ಬರೆದಿದ್ದ ಅದರ ನಕಲನ್ನು ಚರ್ಚಿನ ಬಾಗಿಲಲ್ಲಿ ನಿಂತು ನಮ್ಮ ಭಾಷೆಯಲ್ಲಿ ಓದಿದರು. ಅರ್ಧ ಜನ ಆಕಳಿಸಿದರು. ಗುನ್ನಿಲ್ಡ ಮಾತ್ರ ಜನ ಚದುರಿದ ಮೇಲೂ ನಿಂತು, ಕುದುರೆ ಗಾಡಿಯ ಮಾತು ಬಂದ ಕಡೆ ಇನ್ನೊಮ್ಮೆ ಓದಿಸಿಕೊಂಡಳು. ಸ್ವತಂತ್ರನಾದ ಯಾರದೇ ಕುದುರೆ, ಗಾಡಿಗಳನ್ನು ಅವನ ಒಪ್ಪಿಗೆಯಿಲ್ಲದೆ ದೊರೆಯ ಅಧಿಕಾರಿಗಳು ಮುಟ್ಟಕೂಡದು ಎಂದಿತ್ತು ಅಲ್ಲಿ.

ಸೆಪ್ಟೆಂಬರಿನಲ್ಲಿ ರೇನರ್ ಮತ್ತೆ ಬಂದ, ಇಬ್ಬರು ಆಳುಗಳ ಜೊತೆ. ನಾನು ಊರ ಕಮ್ಮಾರ. ನನ್ನ ಕುಲುಮೆ ಅವಳ ಅಂಗಳಕ್ಕೆ ಎದುರೇ ಇದೆ. ಸುತ್ತಿಗೆ ಕೆಳಗಿಟ್ಟು ಬಾಗಿಲಿಗೆ ಬಂದೆ.

ಗುನ್ನಿಲ್ಡ ಗಾಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಮರದ ಕೊಡತಿ.

"ನಾನು ಒಪ್ಪಿಲ್ಲ, ಒಡೆಯರೇ," ಎಂದಳು. "ಒಪ್ಪದೆ ತಗೊಂಡು ಹೋಗೋ ಹಾಗಿಲ್ಲ."

ರೇನರ್ ಆಳುಗಳ ಕಡೆ ತಿರುಗಿ ನಕ್ಕ. "ಸನ್ನದು ಹೇಳೋದು ಸ್ವತಂತ್ರ ಗಂಡಸಿನ ಮಾತು ಕಣಮ್ಮ. ನೀನು ಯಾವಾಗ ಗಂಡಸಾದೆ?"

"ಪಾದ್ರಿಗಳನ್ನ ಕೇಳಿದೀನಿ. ಲ್ಯಾಟಿನ್ ಮೂಲದಲ್ಲಿರೋದು ಗಂಡಸು ಅಂತಲ್ಲ, ಮನುಷ್ಯ ಅಂತ."

ಅವನ ನಗು ಇಳಿಯಿತು. ಪೋಪ್ ಆ ಸನ್ನದನ್ನೇ ರದ್ದು ಮಾಡಿದ್ದಾರೆ, ಅದೀಗ ಬರೀ ಕುರಿಚರ್ಮ ಎಂದು ಕುದುರೆಯ ಹಗ್ಗಕ್ಕೆ ಕೈ ಹಾಕಿದ. ಗುನ್ನಿಲ್ಡ ಅವನನ್ನು ತಡೆಯಲಿಲ್ಲ. ಬಗ್ಗಿ, ಕೊಡತಿಯಿಂದ ನಾಲ್ಕೇಟು ಹಾಕಿ ಎರಡೂ ಗಾಲಿಗಳನ್ನು ಅಚ್ಚಿಗೆ ಹಿಡಿದಿದ್ದ ಕಡಾಣಿ ಕಿತ್ತು ಅಂಗಳದ ಪಕ್ಕದ ಕೆರೆಗೆ ಎಸೆದಳು. ಆಳೊಬ್ಬ ಗಾಡಿ ಎಳೆದದ್ದೇ ಗಾಲಿ ಕಳಚಿ ಗಾಡಿ ಮಗ್ಗುಲಾಯಿತು. ಬೇಲಿಯ ಆಚೆ ನಿಂತಿದ್ದವರು ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಅವನನ್ನು ಕೆರಳಿಸಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಕುದುರೆಯನ್ನು ಎಳೆದುಕೊಂಡು ಹೋಗುತ್ತ, ದೊರೆಯ ಅಧಿಕಾರಿಯ ಮೇಲೆ ಕೊಡತಿ ಎತ್ತಿ ಹೊಡೆದಳೆಂದು ಇವಳ ಮೇಲೆ ದೂರು ಹಾಕುತ್ತೇನೆ ಎಂದ. ಆ ದೂರು ಸಾಬೀತಾದರೆ ಅವಳ ಕೈ ಕಡಿಯುತ್ತಿದ್ದರು, ಮನೆಯೂ ಹೋಗುತ್ತಿತ್ತು.

ಎರಡು ದಿನ ಬಿಟ್ಟು ರೇನರ್ ಕುಲುಮೆಗೆ ಬಂದ. ಸಾಕ್ಷಿಯಿಲ್ಲದೆ ಅಧಿಕಾರಿಯ ಬರೀ ಮಾತಿನ ಮೇಲೆ ಯಾರನ್ನೂ ವಿಚಾರಣೆಗೆ ಎಳೆಯಬಾರದು ಎಂದೂ ಅದೇ ಸನ್ನದಿನಲ್ಲಿತ್ತು. ಅವನ ಆಳುಗಳ ಮಾತನ್ನು ನ್ಯಾಯ ಹೇಳುವ ಹೋಬಳಿಯ ಹಿರಿಯರು ನಂಬುತ್ತಿರಲಿಲ್ಲ. ತಿದಿಯ ಮೇಲೆ ಕೈಯಿಟ್ಟು ಅವನು ಮೆಲ್ಲಗೆ ಮಾತಾಡಿದ.

"ಅವಳು ಹೊಡೆದದ್ದು ನೀನು ನೋಡಿದೀಯ, ಉಲ್ಫ್. ಈ ಕುಲುಮೆ ಚೆನ್ನಾಗಿದೆ. ಹೀಗೇ ಇರಲಿ."

ನಾನು ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆಮೇಲೆ ಮೂರು ವಾರ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಹೆಂಡತಿ ಕೇಳಿದರೆ ಹಲ್ಲುನೋವು ಎಂದೆ. ನ್ಯಾಯಸಭೆಯ ಹಿಂದಿನ ದಿನ ಗುನ್ನಿಲ್ಡ ಹೊಸ ಕಡಾಣಿ ಮಾಡಿಸಲು ಬಂದಳು. ಕಾಯ್ದ ಕಬ್ಬಿಣ ನೋಡುತ್ತ ನಿಂತಿದ್ದು, ಹೊರಡುವಾಗ ಒಂದೇ ಮಾತು ಹೇಳಿದಳು. "ಉಲ್ಫಣ್ಣ, ಏನು ನೋಡಿದ್ಯೋ ಅಷ್ಟನ್ನೇ ಹೇಳು. ನನ್ನ ಪರ ಅಂತ ಒಂದು ಮಾತೂ ಜಾಸ್ತಿ ಬೇಡ."

ಸಭೆ ಸೇರುವುದು ಗುಡ್ಡದ ಮೇಲಿನ ಓಕ್ ಮರದ ಕೆಳಗೆ. ಗಾಳಿ ಜೋರಾಗಿತ್ತು. ಹನ್ನೆರಡು ಜನ ಹಿರಿಯರು ಬೆಂಚಿನ ಮೇಲೆ ಕೂತಿದ್ದರು, ನಡುವೆ ಒಬ್ಬ ಮುದಿ ಸರದಾರ. ರೇನರ್ ದೂರು ಹೇಳಿ, ಪೋಪರ ರದ್ದತಿಯ ಮಾತನ್ನೂ ಸೇರಿಸಿದ. ಅಂಥ ಪತ್ರವನ್ನು ನಮ್ಮ ಮುಂದೆ ಇನ್ನೂ ಯಾರೂ ಓದಿಲ್ಲ, ಸಾಕ್ಷಿ ಕರೆ ಎಂದ ಸರದಾರ. ರೇನರ್ ನನ್ನತ್ತ ಬೆರಳು ತೋರಿದ.

ಸಂತನ ಎಲುಬಿಟ್ಟ ಪೆಟ್ಟಿಗೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ನನ್ನ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು. ಗುನ್ನಿಲ್ಡ ನನ್ನನ್ನು ನೋಡುತ್ತಲೇ ಇರಲಿಲ್ಲ, ದೂರದ ಹೊಲದ ಕಡೆ ನೋಡುತ್ತಿದ್ದಳು.

"ಕಡಾಣಿ ಹೊಡೆದು ತೆಗೆದದ್ದು ನೋಡಿದೆ," ಎಂದೆ. "ಮನುಷ್ಯನಿಗೆ ಹೊಡೆದದ್ದು ನೋಡಿಲ್ಲ. ಹೊಡೆದೂ ಇಲ್ಲ."

ಹಿರಿಯರು ತಲೆಗೆ ತಲೆ ಸೇರಿಸಿದರು. ದೂರು ನಿಲ್ಲುವುದಿಲ್ಲ, ಕುದುರೆಯನ್ನು ಮರಳಿ ಕೊಡತಕ್ಕದ್ದು ಎಂದು ತೀರ್ಪಾಯಿತು. ನನ್ನ ಹೆಂಡತಿ ಓಡಿಹೋಗಿ ಗುನ್ನಿಲ್ಡಳನ್ನು ತಬ್ಬಿಕೊಂಡಳು.

ಕುದುರೆ ಬರಲಿಲ್ಲ. ದೊರೆಗೂ ಸರದಾರರಿಗೂ ಯುದ್ಧ ಹತ್ತಿತು, ರೇನರ್ ಕೋಟೆ ಸೇರಿಕೊಂಡ. ಆ ಚಳಿಗಾಲ ನನ್ನ ಇದ್ದಿಲ ಗುಡಿಸಲಿಗೆ ಬೆಂಕಿ ಬಿತ್ತು. ಯಾರು ಹಚ್ಚಿದರೆಂದು ನಾನು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಗುನ್ನಿಲ್ಡ ತನ್ನ ಹಸುವಿನ ಬೆಳೆದ ಗಂಡುಕರುವನ್ನು ಪಳಗಿಸಿ ಗಾಡಿಗೆ ಕಟ್ಟಿದಳು. ಮೊದಲ ಸಲ ಹೇರಿದ್ದು ಕಾಡಿನಿಂದ ನನಗೆ ಇದ್ದಿಲು. ಬಾಡಿಗೆ ಕೇಳಲಿಲ್ಲ, ನಾನೂ ಆ ಮಾತೆತ್ತಲಿಲ್ಲ.

ದೊರೆ ತೀರಿಕೊಂಡು ಅವನ ಎಳೆಯ ಮಗ ಪಟ್ಟಕ್ಕೆ ಬಂದ. ಸನ್ನದನ್ನು ಮತ್ತೆ ಹೊರಡಿಸಿದರು, ಕೆಲವು ಮಾತು ಬಿಟ್ಟು, ಕೆಲವು ತಿದ್ದಿ. ನಾಲ್ಕಾರು ವರ್ಷದ ಮೇಲೆ ಹೊಸ ಅಮಲ್ದಾರನೊಬ್ಬ ಗುನ್ನಿಲ್ಡಳ ಬೇಲಿಯ ಹೊರಗೆ ಕುದುರೆ ನಿಲ್ಲಿಸಿದ. ಒಳಗೆ ಕಾಲಿಡಲಿಲ್ಲ. ಕೋಟೆಗೆ ಮರ ಸಾಗಿಸಬೇಕು, ಗಾಡಿ ಕೊಡುತ್ತೀಯಾ ಎಂದು ಕೇಳಿದ.

ಅವಳು ಎತ್ತಿಗೆ ಹುಲ್ಲು ಹಾಕುತ್ತಿದ್ದಳು. ಬಹಳ ಹೊತ್ತು ಯೋಚಿಸಿದಳು. "ಇವತ್ತು ಆಗಲ್ಲ," ಎಂದಳು. "ಗುರುವಾರ ಬನ್ನಿ."

ಅವನು ಗುರುವಾರ ಬಂದ.