ಬಿಲ್ಲೆಯ ಮೇಲೆ ನಿಲ್ಲದ ಪದರ

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮನೆಯಲ್ಲಿ ಕೂತ ಮೇಲೆ ಅಮ್ಮನ ಗ್ಯಾಸ್ ಒಲೆಯ ಉರಿ ತಪಾಸಣೆ ಶುರುಮಾಡಿದರು. ಸ್ವಲ್ಪ ದಿನ ಸಹಿಸಿಕೊಂಡ ಅಮ್ಮ ಒಂದು ಬೆಳಿಗ್ಗೆ ನನಗೆ ಹೇಳಿದಳು: "ನಿನ್ನ ಹತ್ರಾನೂ ಏನೋ ಫರ್ನೇಸ್ ಇದ್ಯಂತಲ್ಲ, ಇವರನ್ನೂ ಕರ್ಕೊಂಡು ಹೋಗು."

ನನ್ನ ಫರ್ನೇಸ್ ಮಾಚೇನಹಳ್ಳಿಯ ಒಂದು ಶೆಡ್ಡಿನಲ್ಲಿತ್ತು. ಪಿಎಚ್‌ಡಿಗಾಗಿ ಅಲ್ಲಿ ಇಂಧನಕೋಶ ಮಾಡುತ್ತಿದ್ದೆ. ನಾಣ್ಯದಷ್ಟಗಲದ ಪಿಂಗಾಣಿಯಂಥ ಬಿಲ್ಲೆ, ಅದರ ಎರಡೂ ಮುಖಕ್ಕೆ ತೆಳ್ಳನೆಯ ಎಲೆಕ್ಟ್ರೋಡ್ ಪದರ. ಕೆಂಪಗೆ ಕಾಯಿಸಿ ಒಂದು ಕಡೆಗೆ ಹೈಡ್ರೋಜನ್, ಇನ್ನೊಂದು ಕಡೆಗೆ ಗಾಳಿ ಬಿಟ್ಟರೆ ಕರೆಂಟ್ ಬರಬೇಕು. ಬರುತ್ತಿತ್ತು, ಆದರೆ ತೀರಾ ಕಡಿಮೆ. ಗಾಳಿಯ ಕಡೆಯ ಪದರ ಬಿಲ್ಲೆಗೆ ಅಂಟದೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು.

ಅಪ್ಪ ಫರ್ನೇಸನ್ನು ಒಂದು ಸುತ್ತು ಹಾಕಿದರು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇಷ್ಟೇನಾ?"

"ಇಷ್ಟೇ."

"ಊಟದ ಡಬ್ಬಿ ಬಿಸಿ ಮಾಡ್ಬಹುದು."

ಪದರ ಎದ್ದ ಬಿಲ್ಲೆಯನ್ನು ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. "ತೆಳ್ಳಗಾಯ್ತು ಮಾರಾಯ್ತಿ. ದಪ್ಪ ಬಳಿ."

ದಪ್ಪವಾದರೆ ಇನ್ನೂ ಬೇಗ ಏಳುತ್ತದೆಂದು ನನಗೆ ಗೊತ್ತಿತ್ತು. ಆದರೂ ಅವರ ಮುಖ ನೋಡಿ ದಪ್ಪ ಬಳಿದೆ. ಮಾರನೆಯ ದಿನ ಫರ್ನೇಸ್ ತೆರೆದಾಗ ಪದರ ಪೂರ್ತಿ ಕಳಚಿಕೊಂಡು ಬಿಲ್ಲೆಯ ಪಕ್ಕದಲ್ಲಿ ಮಲಗಿತ್ತು. ಅಪ್ಪ ಅದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಒಂದೇ ಪೀಸಾಗಿ ಬಂದಿದೆ" ಎಂದರು.

ಅಲ್ಲಿಂದ ಮುಂದೆ ಸಲಹೆ ಕೊಡಲಿಲ್ಲ. ಸ್ಟೂಲಿನ ಮೇಲೆ ಕೂತು ಪೇಪರ್ ಓದತೊಡಗಿದರು. ನನಗೆ ಸಮಾಧಾನವಾಯಿತು, ಸ್ವಲ್ಪ ಬೇಜಾರೂ ಆಯಿತು.

ಕಾದಾಗ ಬಿಲ್ಲೆ ಹಿಗ್ಗುವ ಪ್ರಮಾಣ ಬೇರೆ, ಪದರ ಹಿಗ್ಗುವ ಪ್ರಮಾಣ ಬೇರೆ. ಜಗಳ ಅಲ್ಲೇ ಇತ್ತು. ಎರಡರ ಪುಡಿಯನ್ನೂ ಬೆರೆಸಿ ಅರೆದು ನಡುವೆ ಇನ್ನೊಂದು ಪದರ ಕೂರಿಸಿದೆ. ಪುಡಿ ಬಿಲ್ಲೆಯ ಕಡೆಗೆ ನುಣ್ಣಗೆ, ಹೊರಗಡೆಗೆ ಗಾಳಿ ನುಸುಳುವಷ್ಟು ತರಿತರಿ. ಮಾಡುತ್ತಾ ಮಾಡುತ್ತಾ ಅಪ್ಪನಿಗೂ ವಿವರಿಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಪದರ ನಿಂತಿತು. ಮೀಟರಿನ ಅಂಕಿ ಹಿಂದೆಂದೂ ಹೋಗದಷ್ಟು ಮೇಲೆ ಹೋಯಿತು. ಅಪ್ಪನಿಗೆ ತೋರಿಸಲೆಂದು ಆಟಿಕೆಯ ಪುಟ್ಟ ಫ್ಯಾನೊಂದನ್ನು ಸಿಕ್ಕಿಸಿದೆ. ಅದು ಯೋಚನೆ ಮಾಡಿಕೊಂಡು ತಿರುಗತೊಡಗಿತು. ಅಪ್ಪ ಎದುರಿಗೆ ಅಂಗೈ ಹಿಡಿದರು.

"ಗಾಳಿ ಬರ್ತಿಲ್ಲ."

"ಬರಲ್ಲ ಅಪ್ಪ. ತಿರುಗ್ತಿದ್ಯಲ್ಲ."

"ತಿರುಗ್ತಿದೆ" ಎಂದರು. ಕೈ ಮಾತ್ರ ತೆಗೆಯಲಿಲ್ಲ.

ಸಂಜೆ ಭದ್ರಾವತಿ ಬಸ್ಸಿನಲ್ಲಿ ಪಕ್ಕದ ಸೀಟಿನವರು, ಮಗಳು ಏನು ಮಾಡ್ತಾಳೆ ಎಂದು ಅಪ್ಪನನ್ನು ಕೇಳಿದರು. ನಡುವೆ ಪದರ ಯಾಕೆ ಬೇಕು, ಪುಡಿ ಎಲ್ಲಿ ನುಣ್ಣಗಿರಬೇಕು, ಎಲ್ಲಿ ತರಿಯಾಗಿರಬೇಕು ಎಂದು ಅಪ್ಪ ಇಳಿಯುವ ಸ್ಟಾಪು ಬರುವವರೆಗೂ ಹೇಳಿದರು. ಒಂದೂ ತಪ್ಪಿರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

"ಪಂಪ್‌ಸೆಟ್ ಓಡುತ್ತಾ?" ಎಂದರು ಆ ಮನುಷ್ಯ.

"ಸದ್ಯಕ್ಕಿಲ್ಲ" ಎಂದರು ಅಪ್ಪ.

ಆ ವಾರವೇ ಶೆಡ್ಡಿನಲ್ಲಿ ಕರೆಂಟ್ ಹೋಯಿತು. ಫರ್ನೇಸ್ ಒಮ್ಮೆಲೇ ತಣ್ಣಗಾಗಿ ಬಿಲ್ಲೆ ಎರಡು ಹೋಳಾಯಿತು. ಪದರ ಎರಡೂ ಹೋಳುಗಳನ್ನು ಗಟ್ಟಿಯಾಗಿ ಕಚ್ಚಿಕೊಂಡೇ ಇತ್ತು. ಪ್ರಬಂಧದಲ್ಲಿ ಫೋಟೋ ಸಮೇತ ಅದನ್ನೇ ಬರೆದೆ.